ತಂದೆ ಕಡೆಯ ದೊರೆ

ಕಾರ್ನೀಲಿಯಸ್ ಹೆಗರ್ಟಿ ಎಂಬುದು ಅವರ ಹೆಸರು. ಬೌರಿಂಗ್‌ಪೇಟೆಯಲ್ಲಿ, ಅಂದರೆ ಈಗ ಎಲ್ಲರೂ ಬಂಗಾರಪೇಟೆ ಅನ್ನುವ ಊರಿನಲ್ಲಿ, ಆ ಹೆಸರನ್ನು ತಡವರಿಸದೆ ಹೇಳಬಲ್ಲವರು ಇಬ್ಬರೇ: ಒಬ್ಬರು ಅವರು, ಇನ್ನೊಬ್ಬ ಅವರ ದುಬಾಷಿಯಾದ ನಾನು. ಉಳಿದವರಿಗೆ ಅವರು ಎಗ್ಗಡೆ ದೊರೆ. ನಮ್ಮ ಕಡೆಯವರು ಹಕಾರವನ್ನು ಸುಮ್ಮಸುಮ್ಮನೆ ಖರ್ಚು ಮಾಡುವುದಿಲ್ಲ. ಹೆಗ್ಗಡೆಯೂ ಎಗ್ಗಡೆ, ಹೆಗರ್ಟಿಯೂ ಎಗ್ಗಡೆ. ಐರ್ಲೆಂಡಿನಲ್ಲಿ ತಾಮ್ರದ ಗಣಿ ಮುಚ್ಚಿಹೋಗಿ, ಹೊಟ್ಟೆಗಿಲ್ಲದೆ ಹಡಗು ಹತ್ತಿದ ಹುಡುಗನಿಗೆ ಸಮುದ್ರ ದಾಟಿದ್ದಕ್ಕೆ ಹೆಗ್ಗಡೆತನ ಪುಕ್ಕಟೆ ಸಿಕ್ಕಿತು.

ಅವರು ಬಂದದ್ದು ಕೋಲಾರದ ಚಿನ್ನದ ಗಣಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ. ಅಲ್ಲಿನ ನಂದಿದುರ್ಗ ಎಂಬ ಗಣಿಯಲ್ಲಿ ಆಳುಗಳನ್ನು ಇಳಿಸಿ ಕೆಲಸ ಮಾಡಿಸುವ ಮೇಸ್ತ್ರಿಯಾದರು. ಮೇಲಿನ ಸಾಹೇಬರೆಲ್ಲ ಇಂಗ್ಲೆಂಡಿನವರು. ಅವರ ಕ್ಲಬ್ಬಿನಲ್ಲಿ ಐರ್ಲೆಂಡಿನವನಿಗೆ ಕುರ್ಚಿ ಇರಲಿಲ್ಲ. ಕೂಲಿ ಲೈನುಗಳಲ್ಲಿ ಬಿಳಿಯನಿಗೆ ಚಾಪೆ ಇರಲಿಲ್ಲ. ಹೀಗಾಗಿ ಹೆಗರ್ಟಿಯವರು ನಿಂತೇ ಬೆಳೆದರು. ಆಮೇಲೆ ಒಂದು ದಿನ ಸುರಂಗದೊಳಗೆ ಬಂಡೆ ಸಿಡಿದು ಅವರ ಎಡಗಾಲನ್ನು ಮುಕ್ಕಾಲು ಮಾಡಿತು. ಗಣಿ ಬಿಟ್ಟು ಬೌರಿಂಗ್‌ಪೇಟೆ ಸ್ಟೇಷನ್ನಿನ ಎದುರು ಗೋಲಿ ಸೋಡಾ ಕಾರ್ಖಾನೆ ಇಟ್ಟರು. ಸೋಡಾಕ್ಕೆ ಗ್ಯಾಸು ತುಂಬುವುದು ಕೈಗೆ ಹತ್ತಿದ ಮೇಲೆ ಭಾಷಣಕ್ಕೆ ತುಂಬುವುದು ಎಷ್ಟು ಹೊತ್ತಿನ ಕೆಲಸ? ಮುನಿಸಿಪಾಲಿಟಿಗೆ ನಿಂತರು.

ತಮಿಳನ್ನು ಗಣಿಯಲ್ಲಿ, ತೆಲುಗನ್ನು ಸಂತೆಯಲ್ಲಿ, ಕನ್ನಡವನ್ನು ವೋಟಿಗಾಗಿ ಕಲಿತವರು ಅವರು. ಗಂಡಸು, ಹೆಂಗಸು, ಎತ್ತು, ಎಮ್ಮೆ, ಅಮಲ್ದಾರರು ಎಲ್ಲವೂ ಅವರ ಬಾಯಲ್ಲಿ ‘ಅದು’. ಆಗಿನ ಅವರ ಭಾಷಣವನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ. ಮೂಗಿನಿಂದ ಒಂದು ಸಲ ಉಸಿರೆಳೆದು, ಕೋಲನ್ನು ನೆಲಕ್ಕೆ ಕುಟ್ಟಿ: “ಬೇತಮಂಗಲ ನೀರು ಗಣಿಗೆ ಹೋಗ್ತದೆ. ನಿಮ್ಮ ಹೆಂಡತಿ ಬಾವಿಗೆ ಹೋಗ್ತದೆ. ಯಾಕೆ ಹೋಗ್ತದೆ? ನಲ್ಲಿ ಇಲ್ಲೆ. ನನಗೆ ವೋಟು ಕೊಡಿ. ನಾನು ನೋಡ್ತದೆ.” ಜನ ಬಿದ್ದು ಬಿದ್ದು ನಕ್ಕು, ನಕ್ಕ ತಪ್ಪಿಗೆ ವೋಟು ಹಾಕಿದರು. ನಲ್ಲಿಯೂ ಬಂತು, ನೀರು ತನಗೆ ಮನಸ್ಸಾದಾಗ ಬರುತ್ತಿತ್ತು. ಮುಂದೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೂ ಆರಿಸಿ ಹೋಗಿ, ದಸರಾ ಹೊತ್ತಿಗೆ ಜರಿಪೇಟ ಸುತ್ತಿಕೊಂಡು ಕೆಂಪಗೆ ಬೆವರುತ್ತಾ ಕೂತು ಬಂದರು.

‘ನಾನು ನೋಡ್ತದೆ’ ಎಂದು ಅವರು ಯಾರಿಗೆ ಹೇಳಲಿಲ್ಲ? ಹೇಳಿಸಿಕೊಂಡವರು ಅರ್ಧ ಕೆಲಸ ಆಯಿತು ಅಂದುಕೊಂಡು ಮನೆಗೆ ಹೋಗುತ್ತಿದ್ದರು. ನೋಡುವುದನ್ನೇನೋ ದೊರೆ ನಿಜವಾಗಿಯೂ ನೋಡುತ್ತಿದ್ದರು. ಕೆಲವು ಆಗುತ್ತಿತ್ತು, ಕೆಲವು ಆಗುತ್ತಿರಲಿಲ್ಲ.

ಕಾನ್ಸಲ್ ಆದದ್ದು ಇವೆಲ್ಲ ಆದ ಮೇಲೆ. ಗಣಿಯಲ್ಲಿ ಇಟಲಿಯ ಕೆಲಸಗಾರರು ಇದ್ದರು. ಸುರಂಗ ಕುಸಿಯದಂತೆ ಮರದ ಆಸರೆ ಕಟ್ಟುವುದರಲ್ಲಿ ಪಳಗಿದವರು. ಅವರೂ ದೊರೆಯೂ ಒಂದೇ ಚರ್ಚಿನವರು. ಅವರಲ್ಲಿ ಸತ್ತವರನ್ನು ಹೂಳುವುದಕ್ಕೆ, ಜಗಳವಾಡಿದವರನ್ನು ಬಿಡಿಸುವುದಕ್ಕೆ, ಕುಡಿದು ಠಾಣೆ ಸೇರಿದವರನ್ನು ತರುವುದಕ್ಕೆ ಇವರೇ ಹೋಗುತ್ತಿದ್ದರು. ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇಟಲಿ ಸರ್ಕಾರ ಕಾನ್ಸಲ್, ಅಂದರೆ ಇಲ್ಲಿ ತನ್ನ ಪ್ರತಿನಿಧಿ, ಎಂಬ ಪುಕ್ಕಟೆ ಬಿರುದು ಕೊಟ್ಟಿತು. ಸೋಡಾ ಕಾರ್ಖಾನೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು, ಮಾಡಿನ ಮೇಲೆ ಮೂರು ಬಣ್ಣದ ಬಾವುಟ ಬಂತು. ಇಂಟರ್‌ಮೀಡಿಯೆಟ್‌ವರೆಗೆ ಓದಿ ಕೆಲಸವಿಲ್ಲದೆ ಸ್ಟೇಷನ್ನಿನಲ್ಲಿ ಬಂದುಹೋಗುವವರ ದನಿ ಅಣಕಿಸಿಕೊಂಡು ತಿರುಗುತ್ತಿದ್ದ ನಾನೂ ಆ ಬಾಬ್ತಿನಲ್ಲೇ ಒಳಗೆ ಬಂದೆ. ಕೌನ್ಸಿಲ್ಲಿನಲ್ಲಿದ್ದವರು ಕಾನ್ಸಲ್ಲಾದರು ಎಂದು ಊರು ಸಂತೋಷಪಟ್ಟಿತು. ಎರಡಕ್ಕೂ ಏನು ವ್ಯತ್ಯಾಸ ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ನಾವೂ ಹೇಳುತ್ತಿರಲಿಲ್ಲ.

ಅಕ್ಕಯ್ಯಮ್ಮ ಮೊದಲ ಸಲ ಬಂದದ್ದು ಮೂವತ್ತಾರನೆಯ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ. ಬೇತಮಂಗಲದ ಕೆರೆಯ ಆಚೆಯ ಹಳ್ಳಿಯವಳು. ಹಿಂದೆ ಮಗ ಕದಿರಪ್ಪ, ಕೈಯಲ್ಲಿ ಹಾಲಿನ ಕ್ಯಾನು. ಪಂಚೆ, ತಲೆಗೆ ವಸ್ತ್ರ, ಕಾಲಲ್ಲಿ ಒಣಗಿದ ಕೆಸರು, ಎಲ್ಲ ಸರಿ. ಆದರೆ ಮುಖದಲ್ಲಿ ಬೆಕ್ಕಿನ ಕಣ್ಣು, ತುಟಿಯ ಮೇಲೆ ಜೋಳದ ತೆನೆಯ ಬಣ್ಣದ ಮೀಸೆ.

“ನಮ್ ಬತ್ತಪ್ಪ ಗೊತ್ತಿತ್ತಲ್ಲ ದೊರೆ ನಿಮ್ಗೆ,” ಎಂದಳು ಅಕ್ಕಯ್ಯಮ್ಮ.

ದೊರೆ ಕಣ್ಣು ಮುಚ್ಚಿ ಹುಡುಕಿದರು. “ಬತ್ತಿಸ್ತಾ. ಗೊತ್ತು. ಒಳ್ಳೆ ಆಸರೆ ಕಟ್ತಿತ್ತು. ಪಾಟ ಹಾಡ್ತಿತ್ತು. ಅದೇ ಗಣಿಯಲ್ಲಿ ಸತ್ತುಹೋಯ್ತು.”

“ಅವ್ನ ಮಗ ಇವ್ನು.”

ಬತ್ತಿಸ್ತಾ ಗಣಿಗೆ ಬೇಕಾದ ಮರ ನೋಡಲು ಅವರ ಊರ ಕಡೆ ಬಂದು ಹೋಗಿ ಮಾಡುತ್ತಿದ್ದವನು. ಊರ ಗಂಗಮ್ಮನ ಗುಡಿಯಲ್ಲಿ ಅಕ್ಕಯ್ಯಮ್ಮನಿಗೆ ತಾಳಿ ಕಟ್ಟಿದ್ದ. ನಿಂತು ನೋಡಿದವರು ಅವಳ ಅಣ್ಣ ಮತ್ತು ಗುಡಿಯ ಪೂಜಾರಿ, ಇಬ್ಬರೂ ತೀರಿಹೋಗಿದ್ದರು. ಮಗ ಅಂಬೆಗಾಲಿಡುವ ಮೊದಲೇ ಬತ್ತಿಸ್ತಾನೂ ಹೋದ. ಅಲ್ಲಿಂದ ಊರಿನ ಬಾಯಿ ಅವಳ ಪಾಲಿಗೆ ಬಂತು. ಕದಿರಪ್ಪನನ್ನು ಜಗಳದಲ್ಲಿ ಜನ ಏನಂದು ಕರೆಯುತ್ತಿದ್ದರು ಅನ್ನುವುದನ್ನು ಅಣಕಿಸುವುದಕ್ಕೆ ನನಗೂ ಬಾಯಿ ಬರುವುದಿಲ್ಲ.

“ಎಣ್ಣು ಗೊತ್ತಾಗೈತೆ ದೊರೆ,” ಎಂದಳು. “ಮುನಿಸ್ವಾಮಪ್ಪನ ಮಗ್ಳು, ವೆಂಕಟರತ್ನ. ಮುನಿಸ್ವಾಮಪ್ಪನೂ ಒಪ್ಪವ್ನೆ. ಆದ್ರೆ ವೀಳ್ಯದ ದಿನ ತಂದೆ ಕಡೆಯೋರು ಯಾರು ಕೂರ್ತಾರೆ ಅಂತಾನೆ.”

ಆ ಹಳ್ಳಿಗಳಲ್ಲಿ ಕ್ರಮ ಹಾಗೆ. ವೀಳ್ಯದ ತಟ್ಟೆಯ ಮುಂದೆ ಗಂಡಿನ ತಂದೆ ಕಡೆಯ ಹಿರಿಯರೊಬ್ಬರು ಕಂಬಳಿಯ ಮೇಲೆ ಕೂತು, ಇಂಥವರ ಮೊಮ್ಮಗ, ಇಂಥವರ ಮಗ, ಇಂಥವನು ಎಂದು ನೆರೆದವರಿಗೆ ಕೇಳುವಂತೆ ಕೂಗಬೇಕು. ಆಮೇಲೇ ಹೆಣ್ಣಿನ ತಂದೆ ತಟ್ಟೆ ಎತ್ತುವುದು. ಕೂಗುವವರಿಲ್ಲದಿದ್ದರೆ ತಟ್ಟೆ ಇದ್ದಲ್ಲೇ ಇರುತ್ತದೆ.

“ಬತ್ತಪ್ಪನ ಅಣ್ತಮ್ಮಂದ್ರು ಯಾರಾನ ಇದ್ರೆ ಒಬ್ರನ್ನ ಕರೆಸ್ಕೊಡಿ,” ಎಂದಳು. “ರೈಲು ಚಾರ್ಜು ನಾವೇ ಕೊಡ್ತೀವಿ.”

“ಇಟಲಿ ಸ್ವಲ್ಪ ದೂರ ಅದೆ, ಅಮ್ಮ,” ಎಂದರು ದೊರೆ.

“ಜೋಲಾರ್‌ಪೇಟೆಗಿಂತ ಆಚೇನಾ?”

ನಾನು ನಗುವನ್ನು ಕೆಮ್ಮಾಗಿ ಬದಲಾಯಿಸಿದೆ. ದೊರೆ ನಗಲಿಲ್ಲ. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಐರ್ಲೆಂಡಿನಲ್ಲಿ ಬಿಟ್ಟುಬಂದ ಮನೆಯಲ್ಲಿ ಈಗ ಯಾರಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಅವರು ಕದಿರಪ್ಪನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿತ್ತಾಳೆ ಫಲಕದ ಕಡೆ ಕೋಲು ತೋರಿಸಿದರು. “ಇಲ್ಲಿ ಇಟಲಿ ಜನ ಎಲ್ಲದಕ್ಕೂ ನಾನು ದೊಡ್ಡಪ್ಪ. ನಾನು ಬರ್ತದೆ.”

ಬಂದರು ಕೂಡ. ಒಂದೆತ್ತಿನ ಗಾಡಿಯಲ್ಲಿ, ಮುಕ್ಕಾಲು ಕಾಲನ್ನು ಹೊರಗೆ ಚಾಚಿಕೊಂಡು. ಕಂಬಳಿಯ ಮೇಲೆ ಕೂರಿಸುವುದಕ್ಕೆ ಇಬ್ಬರು ಹಿಡಿಯಬೇಕಾಯಿತು. ಮುನಿಸ್ವಾಮಪ್ಪ ಎದುರು ಕೂತಿದ್ದ. ನೂರೆಂಟು ವ್ಯಾಜ್ಯ ಕಂಡ ಮುಖ, ಮಾತಿಗೊಮ್ಮೆ ಮೀಸೆ ಮುಟ್ಟಿಕೊಳ್ಳುವ ಅಭ್ಯಾಸ.

“ತಾತನ ಹೆಸರಿಂದ ಕೂಗ್ರಿ ದೊರೆ,” ಎಂದ.

ಬತ್ತಿಸ್ತಾನ ಅಪ್ಪ ಯಾರೆಂದು ದೊರೆಗೇನು ಗೊತ್ತು? ಚರ್ಚಿನಲ್ಲಿ ಮೊದಲು ಕಣ್ಣಿಗೆ ಬೀಳುವ ಸಂತರ ಹೆಸರು ತೆಗೆದರು. “ಜುಸೆಪ್ಪೆ ಅದರ ಮೊಮ್ಮಗ. ಬತ್ತಿಸ್ತಾ ಅದರ ಮಗ. ಕದಿರಪ್ಪ.”

“ಜೂಸಪ್ಪನ ಮೊಮ್ಮಗ, ಬತ್ತಪ್ಪನ ಮಗ,” ಎಂದು ನಾನು ನಮ್ಮ ಬಾಯಿಗೆ ಇಳಿಸಿ ಇನ್ನೊಮ್ಮೆ ಕೂಗಿದೆ. ಹಳ್ಳಿಗೆ ಸಮಾಧಾನವಾಯಿತು. ಅಪ್ಪ ಅಂತ ಮುಗಿಯುವ ಹೆಸರು ಬಂದರೆ ಅಪ್ಪ ಬಂದ ಹಾಗೇ.

ಮುನಿಸ್ವಾಮಪ್ಪ ಮಾತ್ರ ತಟ್ಟೆಗೆ ಕೈ ಹಾಕಲಿಲ್ಲ. “ಇದು ಇಲ್ಲಿ ನಾಕು ಮನೆಗೆ ಕೇಳ್ತು ದೊರೆ. ನಾಳೆ ನಾನು ಸತ್ ಮ್ಯಾಲೆ ನನ್ ಮಗ್ಳ ಮಕ್ಳನ್ನ ಯಾರಾನ ಏನಾನ ಅಂದ್ರೆ? ನಿಮ್ ಬಾವುಟ ಏರ್ಸೋ ದಿನ ಇವ್ನನ್ನ ಅದರ ಕೆಳಗೆ ನಿಲ್ಸಿ. ಬತ್ತಪ್ಪನಿಗೂ ಈ ಯಮ್ಮನಿಗೂ ಧರ್ಮವಾಗಿ ಮದ್ವೆ ಆಗಿತ್ತು ಅಂತ ಪೋಲೀಸ್ರು, ಅಮಲ್ದಾರ್ರು ಎಲ್ರೂ ಇರಾಗ ಕೂಗ್ರಿ.”

“ನಾನು ನೋಡ್ತದೆ.”

“ನೋಡಾದಲ್ಲ ದೊರೆ. ಕೂಗಾದು.”

“ಕೂಗ್ತದೆ,” ಎಂದರು ದೊರೆ. ಮುನಿಸ್ವಾಮಪ್ಪ ತಟ್ಟೆ ಎತ್ತಿದ. ಅಕ್ಕಯ್ಯಮ್ಮ ಕಂಬದ ಮರೆಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗಿನ ಹೆಂಗಸರಲ್ಲಿ ಒಬ್ಬಳು ಅವಳನ್ನು ಅತ್ತಿಗೆ ಎಂದು ಕರೆದು ಎಲೆ ಅಡಿಕೆ ಕೊಟ್ಟಳು. ಹಾಗೆ ಅವಳನ್ನು ಆ ಊರಿನಲ್ಲಿ ಯಾರೂ ಕರೆದಿರಲಿಲ್ಲವಂತೆ.

ಇಟಲಿ ರಾಜರ ಹುಟ್ಟಿದ ದಿನ ಪ್ರತಿ ವರ್ಷ ಕಾರ್ಖಾನೆಯ ಮುಂದೆ ಬಾವುಟ ಏರುತ್ತಿತ್ತು. ಗಣಿಯಲ್ಲಿ ಉಳಿದಿದ್ದ ಇಟಲಿಯವರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಲ್ಲುತ್ತಿದ್ದರು, ಊರವರು ಪುಕ್ಕಟೆ ಸೋಡಾಕ್ಕೆ ನಿಲ್ಲುತ್ತಿದ್ದರು. ಆ ವರ್ಷ ಬೇತಮಂಗಲದ ಕಡೆಯಿಂದ ಗಾಡಿಗಳ ಮೇಲೆ ಗಾಡಿ ಬಂದವು. ದೊರೆಯ ಹಳೆಯ ಕೋಟನ್ನು ತೊಟ್ಟು, ಬಗಲು ಬಿಗಿದು, ಕೈಗಳನ್ನು ಮೈಯಿಂದ ದೂರ ಇಟ್ಟುಕೊಂಡು ಕದಿರಪ್ಪ ಸಾಲಿನ ಕೊನೆಯಲ್ಲಿ ನಿಂತ. ದೊರೆ ಕೂಗಿದರು, ನಾನು ಇನ್ನೊಮ್ಮೆ ಕೂಗಿದೆ. ಬತ್ತಿಸ್ತಾನ ಮಗ. ಧರ್ಮಪತ್ನಿ ಅಕ್ಕಯ್ಯಮ್ಮನಲ್ಲಿ ಹುಟ್ಟಿದವನು. ಇಟಲಿಯ ಪ್ರಜೆ. ಜನ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ಕೋದಂಡಪ್ಪನವರು ಸೋಡಾ ಬುಡ್ಡಿಯನ್ನು ಎಡಗೈಗೆ ಬದಲಾಯಿಸಿ ಬಲಗೈಯಲ್ಲಿ ಸಲ್ಯೂಟ್ ಹೊಡೆದರು. ಕದಿರಪ್ಪ ಕೋಟು ಬಿಚ್ಚಿಕೊಟ್ಟು, ಎಮ್ಮೆ ಕರೆಯುವ ಹೊತ್ತಾಯಿತೆಂದು ಓಡಿದ.

ಮದುವೆಯಾಯಿತು. ಗಂಡು ಮಗುವಾಯಿತು. ಅಕ್ಕಯ್ಯಮ್ಮ ದಾರಿಯಲ್ಲಿ ಸಿಕ್ಕಾಗಲೆಲ್ಲ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

ನಲವತ್ತನೆಯ ಇಸವಿಯ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಆ ಸುದ್ದಿ ನಮಗೆ ಪೇಪರಿನಲ್ಲಿ ಬರುವ ಮೊದಲು ಪೊಲೀಸರ ಜೊತೆ ಬಂತು. ಕೋದಂಡಪ್ಪನವರು ಬಹಳ ಮರ್ಯಾದೆಯಿಂದ ಏಣಿ ತರಿಸಿ ಬಾವುಟ ಇಳಿಸಿದರು, ಫಲಕದ ಮೊಳೆ ತೆಗೆಸಿದರು. ಗಣಿಯ ಇಟಲಿಯವರನ್ನು ಆಗಲೇ ಲಾರಿಯಲ್ಲಿ ತಂದು ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಕೂರಿಸಿದ್ದರು. ಮಾರನೆಯ ದಿನ ಮಧ್ಯಾಹ್ನದ ರೈಲಿಗೆ ಬೆಂಗಳೂರು, ಅಲ್ಲಿಂದ ಉತ್ತರದ ಯಾವುದೋ ಶಿಬಿರ.

“ನೀವು ಐರ್ಲೆಂಡಿನೋರು, ನಿಮ್ಮ ದೇಶ ಯುದ್ಧದಲ್ಲಿಲ್ಲ. ಅದಕ್ಕೇ ನಿಮ್ಮನ್ನ ಬಿಟ್ಟಿದ್ದಾರೆ ಸಾರ್,” ಎಂದರು ಕೋದಂಡಪ್ಪನವರು. “ಆದ್ರೆ ದಯವಿಟ್ಟು ಮನೇಲೇ ಇರಿ. ಮೇಲಿನೋರು ನಿಮ್ಮ ವಿಷಯ ಕೇಳ್ತಿದಾರೆ. ನೀವು ಯಾರ ಕಡೆ ಅಂತ ನಾನು ಏನು ಬರೀಲಿ?”

ದೊರೆ ಬಾಗಿಲಲ್ಲಿ ಮೊಳೆಯ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಎಲ್ಲೂ ಸಲ್ಲದ ಕಾನ್ಸಲ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಸಂಜೆಯೊಳಗೆ ಅಕ್ಕಯ್ಯಮ್ಮ ಬಂದಳು. ಮುನಿಸ್ವಾಮಪ್ಪ ಜೊತೆಗಿದ್ದ. ವೆಂಕಟರತ್ನಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಾಚೆ ನಿಂತಳು.

“ರಾಗಿ ಒಲ ಉಳ್ತಿದ್ದ ದೊರೆ,” ಎಂದಳು ಅಕ್ಕಯ್ಯಮ್ಮ. “ನೊಗ ಬಿಚ್ಚಾಕೂ ಬಿಡ್ಲಿಲ್ಲ. ನಿನ್ ಎಸ್ರು ಇಟಲಿ ಕಡೆ ಐತೆ, ನಡಿ ಅಂದ್ರಂತೆ. ಎತ್ತು ನೊಗ ಎಳ್ಕೊಂಡು ತಾವೇ ಮನೆಗ್ ಬಂದ್ವು.”

“ಅವನು ಇಟಲಿ ನೋಡಿಲ್ಲ, ಇಟಲಿ ಭಾಷೆ ಇಲ್ಲ ಅಂತ ಹೇಳ್ಬೇಕಿತ್ತು,” ಎಂದೆ.

“ಏಳವ್ನೆ. ಬಾವುಟದ ಕೆಳಗೆ ನೀನು ನಿಂತಿದ್ದನ್ನ ನಾವೇ ನೋಡಿದೀವಿ ಅಂದ್ರಂತೆ ಪೋಲೀಸ್ರು.” ಅವಳು ದೊರೆಯ ಕಡೆ ತಿರುಗಿದಳು. “ನೀವು ಕೂಗಿದ್ರಿ, ಅವ್ರು ಇಡ್ಕೊಂಡೋದ್ರು. ಈಗ ಇನ್ನೊಂದ್ ದಪ ಕೂಗ್ರಿ, ಬಿಟ್ಬಿಡ್ತಾರೆ. ದೊಡ್ಡಪ್ಪ ಅಲ್ವಾ ನೀವು.”

ಮುನಿಸ್ವಾಮಪ್ಪ ಮೀಸೆ ಮುಟ್ಟಿಕೊಳ್ಳಲಿಲ್ಲ. “ನಾನೇ ಮಾಡ್ದೆ ದೊರೆ ಇದನ್ನ,” ಎಂದ. “ತಟ್ಟೆ ಸುಮ್ನೆ ಎತ್ಬೇಕಿತ್ತು.”

ದೊರೆ ಈ ಸಲ ‘ನಾನು ನೋಡ್ತದೆ’ ಎನ್ನಲಿಲ್ಲ. ಕೋಟು ಹಾಕಿಕೊಂಡರು.

ನಾವಿಬ್ಬರೂ ಅಮಲ್ದಾರರ ಮನೆಗೆ ಹೋದೆವು. ಅವರು ಕಾಫಿ ಕೊಟ್ಟರು, ನಲ್ಲಿ ತಂದ ಕಾಲವನ್ನು ನೆನೆಸಿಕೊಂಡರು, ಇದು ತಮ್ಮ ಕೈಯಲ್ಲಿಲ್ಲ ಎಂದರು. ರಾಬರ್ಟ್‌ಸನ್‌ಪೇಟೆಗೆ ಹೋಗಿ ಹಳೆಯ ಸ್ನೇಹಿತರೊಬ್ಬರ ಬಾಗಿಲು ತಟ್ಟಿದೆವು. ಅವರು ಮಲಗಿದ್ದಾರೆಂದು ಒಳಗಿನಿಂದ ಅವರದೇ ದನಿ ಹೇಳಿತು. ಪ್ರಜಾಪ್ರತಿನಿಧಿ ಸಭೆಯ ಜರಿಪೇಟವಾಗಲಿ, ಮುನಿಸಿಪಾಲಿಟಿಯ ಕುರ್ಚಿಯಾಗಲಿ, ಕಾನ್ಸಲ್ ಪದವಿಯಾಗಲಿ ಯಾವ ಬಾಗಿಲಿಗೂ ಕೀಲಿಯಾಗಲಿಲ್ಲ. ಕೊನೆಗೆ ಠಾಣೆಗೇ ಹೋದೆವು. ಕೋದಂಡಪ್ಪನವರು ಎದ್ದು ನಿಂತು, ನಾವು ಬರಬಾರದಿತ್ತು ಎಂಬಂತೆ ಕಿಟಕಿ ಮುಚ್ಚಿದರು.

“ನಾನು ಸುಳ್ಳು ಹೇಳಿತು,” ಎಂದರು ದೊರೆ. “ಅದು ಇಟಲಿ ಅಲ್ಲ. ಬರೆದುಕೋ.”

“ನೀವು ಹೇಳಿದ್ದನ್ನ ಈಗ ಯಾರು ಬರ್ಕೋತಾರೆ ಸಾರ್? ಶತ್ರು ದೇಶದ ಏಜೆಂಟು ತನ್ನ ಕಡೆಯೋರನ್ನ ಬಿಡಿಸ್ತಿದಾನೆ ಅಂತಾರೆ. ಇನ್ನೂ ಕೆಟ್ಟದಾಗುತ್ತೆ.” ಅವರು ನನ್ನ ಕಡೆ ತಿರುಗಿದರು. “ನೋಡ್ರಿ, ಒಂದು ದಾರಿ ಇದೆ. ಬೆಂಗಳೂರಿಂದ ಮಿಲಿಟರಿ ಕ್ಯಾಪ್ಟನ್ ಬಂದಿದಾರೆ, ಅವರೇ ಎಲ್ಲ. ತಂದೆತಾಯಿಗೆ ಮದುವೆ ಆಗಿದ್ರೆ ಮಗ ತಂದೆ ದೇಶದೋನು. ಆಗಿಲ್ದಿದ್ರೆ ತಾಯಿ ದೇಶದೋನು, ಮೈಸೂರು ಪ್ರಜೆ, ನಡೀ ಮನೆಗೆ. ತಾಯೀನೇ ಬಂದು ಆ ಮಾತು ಹೇಳಿದ್ರೆ ಕ್ಯಾಪ್ಟನ್ ಕೇಳ್ತಾರೆ. ಬೇರೆ ಯಾರು ಹೇಳಿದ್ರೂ ನಡಿಯಲ್ಲ.”

“ಯಾವ ಮಾತು?” ಎಂದರು ದೊರೆ, ಗೊತ್ತಿದ್ದೂ.

ಕೋದಂಡಪ್ಪನವರು ಮೇಜನ್ನು ನೋಡುತ್ತಾ ಹೇಳಿದರು: “ತಾಳಿ ಕಟ್ಟಿರ್ಲಿಲ್ಲ ಅಂತ.”

ಕಾರ್ಖಾನೆಯಲ್ಲಿ ಕಾದಿದ್ದ ಅಕ್ಕಯ್ಯಮ್ಮನಿಗೆ ಅದನ್ನು ತಿಳಿಸುವ ಕೆಲಸ ದುಬಾಷಿಯದು. ನಾನು ಏನೇನೋ ಸುತ್ತು ಹಾಕಿದೆ. ಕಾನೂನು ಎಂದೆ, ಸರ್ಕಾರ ಎಂದೆ. ಅವಳು ತಡೆದಳು. “ಸುತ್ಬೇಡ ಸಾಮಿ. ಊರೋರು ಇಷ್ಟು ದಿನ ಅಂತಿದ್ದುದನ್ನ ನನ್ ಬಾಯಿಂದ ಅನ್ಸ್‌ಬೇಕು. ಅಷ್ಟೇ ತಾನೆ?”

ನಾನು ತಲೆ ಆಡಿಸಿದೆ.

ಅವಳು ಬೀಗರ ಕಡೆ ನೋಡಿದಳು. ಮುನಿಸ್ವಾಮಪ್ಪ ನೆಲ ಕೆರೆಯುತ್ತಾ, “ನೀನೇನಂದ್ರೂ ನಮ್ಗೆ ಕೇಳ್ಸಲ್ಲ ತಾಯಿ,” ಎಂದ. “ನಾನು ಆ ಕಡೆ ತಿರುಕ್ಕಂಡು ನಿಂತಿರ್ತೀನಿ.” ವೆಂಕಟರತ್ನಮ್ಮ ಒಳಗೆ ಬಂದು ಅತ್ತೆಯ ಪಕ್ಕ ಕೂತಳು. ಯಾರೂ ಯಾರನ್ನೂ ಮುಟ್ಟಲಿಲ್ಲ.

ಮಾರನೆಯ ದಿನ ಪ್ಲಾಟ್‌ಫಾರಂ ಮೇಲೆ ಅರ್ಧ ಊರು ಸೇರಿತ್ತು. ಇಟಲಿಯವರು ಪೆಟ್ಟಿಗೆಗಳ ಮೇಲೆ ಕೂತು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕದಿರಪ್ಪ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಒಬ್ಬ ಮುದುಕ ಇಟಲಿಯವನು ಅವನಿಗೆ ಏನೋ ಹೇಳಿ ಬೆನ್ನು ತಟ್ಟಿದ. ಕದಿರಪ್ಪ ಅರ್ಥವಾಗದೆ ಕೈ ಮುಗಿದ. ಕ್ಯಾಪ್ಟನ್ ಕುರ್ಚಿಯಲ್ಲಿ ಕೂತಿದ್ದರು, ಇನ್ನೂ ಎಳೆಯ ಮುಖ, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಕನ್ನಡ ಬರದು. ಅವರ ಒಂದು ಪಕ್ಕ ಕೋದಂಡಪ್ಪನವರು, ಇನ್ನೊಂದು ಪಕ್ಕ ನಾನು. ದೊರೆ ಕರೆಯದಿದ್ದರೂ ಬಂದು ಕೋಲೂರಿ ನಿಂತಿದ್ದರು.

ಅಕ್ಕಯ್ಯಮ್ಮ ಮುಂದೆ ಬಂದಳು. ಮುನಿಸ್ವಾಮಪ್ಪ ಕೊಟ್ಟ ಮಾತಿನಂತೆ ಗೂಡ್ಸ್ ಷೆಡ್ಡಿನ ಕಡೆ ಮುಖ ಮಾಡಿ ನಿಂತ. ಉಳಿದ ಅರ್ಧ ಊರು ಇತ್ತಲೇ ನೋಡುತ್ತಿತ್ತು.

“ಬತ್ತಪ್ಪ ನನಗೆ ತಾಳಿ ಕಟ್ಟಿಲ್ಲ,” ಎಂದಳು. ದನಿ ಸಣ್ಣದಾಗಿತ್ತು. ಕ್ಯಾಪ್ಟನ್ ಕಿವಿಗೆ ಕೈ ಇಟ್ಟು, ಗಟ್ಟಿಯಾಗಿ ಹೇಳಲಿ ಎಂದು ಸನ್ನೆ ಮಾಡಿದರು. “ತಾಳಿ ಕಟ್ಟಿಲ್ಲ ಸಾಮಿ. ಸುಮ್ನೆ ಬಂದೋಗ್ತಿದ್ದ. ಇವನು ಅಂಗೆ ಉಟ್ಟಿದ್ದು.”

ನಾನು ಇಂಗ್ಲಿಷಿಗೆ ಹಾಕಿದೆ. ಯಾರ ದನಿಯೂ ನನ್ನ ಗಂಟಲಲ್ಲಿ ಕೂರಲಿಲ್ಲ, ನನ್ನದೂ ಸೇರಿದಂತೆ. ಕ್ಯಾಪ್ಟನ್ ಮುಖ ಕೆಂಪಾಯಿತು. ಸಾಕು, ಆ ಮನುಷ್ಯ ಮನೆಗೆ ಹೋಗಬಹುದು ಎಂದು ಕೈ ಎತ್ತುವಷ್ಟರಲ್ಲಿ ಕದಿರಪ್ಪ ಎದ್ದು ಬಂದಿದ್ದ.

“ನಮ್ಮವ್ವ ಸುಳ್ಳೇಳ್ತವ್ಳೆ ಸಾಮಿ,” ಎಂದ. “ಗಂಗಮ್ಮನ ಗುಡೀಲಿ ತಾಳಿ ಕಟ್ಟವ್ನೆ ನಮ್ಮಪ್ಪ.”

“ಸುಮ್ಕ್ ಕೂರ್ಲಾ,” ಎಂದಳು ಅಕ್ಕಯ್ಯಮ್ಮ.

“ಎಂಗೆ ಕೂರಾದವ್ವ? ನನ್ ಮಗೀನ ನಾಳೆ ಏನಂತಾರೆ?”

“ಅನ್ಲಿ. ನೀನು ಮನೇಲಿರ್ತೀಯಲ್ಲ.”

“ನಾನು ಓಗಿ ಬತ್ತೀನಿ. ಆ ಮಾತು ಓದ್ರೆ ವಾಪಸ್ ಬರಲ್ಲ.”

ಕ್ಯಾಪ್ಟನ್ ನಮ್ಮ ಕಡೆ ನೋಡಿ, ಏನನ್ನುತ್ತಾನೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊರೆ ಮುಂದೆ ನುಗ್ಗಿದರು. ಅಷ್ಟು ಶುದ್ಧವಾದ ಇಂಗ್ಲಿಷನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ: ತಾಯಿ ಹೇಳಿದ್ದು ನಿಜವೆಂದು ಮಗನೂ ಒಪ್ಪುತ್ತಿದ್ದಾನೆ, ಮನೆಗೆ ಕಳಿಸಿಕೊಡಿ ಎಂದು ಬೇಡುತ್ತಿದ್ದಾನೆ. ಅವರು ಎಷ್ಟು ಚುನಾವಣೆ ಗೆದ್ದಿದ್ದರೋ ಆ ಎಲ್ಲದರ ನಯವೂ ಆ ಒಂದು ಸುಳ್ಳಿನಲ್ಲಿತ್ತು. ಕೋದಂಡಪ್ಪನವರಿಗೆ ಎರಡೂ ಭಾಷೆ ಬರುತ್ತಿತ್ತು. ಅವರು ರೈಲು ಬರುವ ದಿಕ್ಕನ್ನು ನೋಡತೊಡಗಿದರು. ನಾನೂ ಅತ್ತಲೇ ನೋಡಿದೆ.

ಆದರೆ ಕದಿರಪ್ಪನಿಗೆ ದೊರೆಯ ಮುಖ ಓದಲು ಇಂಗ್ಲಿಷ್ ಬೇಕಿರಲಿಲ್ಲ. ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕ್ಯಾಪ್ಟನ್ನಿಗೆ ಬಿಡಿಸಿ ಬಿಡಿಸಿ ಹೇಳಿದ: “ಕದಿರಪ್ಪ. ಫಾದರ್ ಬತ್ತಿಸ್ತಾ. ಇಟಲಿ.” ಆಮೇಲೆ ತಾಯಿಯ ಕಡೆ ಬೆರಳು ತೋರಿಸಿ, ಅದೇ ಬೆರಳನ್ನು ತನ್ನ ಕತ್ತಿನ ಸುತ್ತ ದಾರದಂತೆ ಆಡಿಸಿ, ಎರಡೂ ಕೈಯಿಂದ ಗಂಟು ಹಾಕಿದ. ಮತ್ತೊಂದು ಗಂಟು. ಮೂರನೆಯದು.

ಕ್ಯಾಪ್ಟನ್ ಕೋದಂಡಪ್ಪನವರನ್ನು ಕೇಳಿದರು. ಆ ಮೂರು ಗಂಟು ತಾಳಿಯದೆಂದು ಇವರು ಹೇಳಲೇಬೇಕಾಯಿತು.

ದೊರೆ ಏನೋ ಹೇಳಹೋದರು. ಕ್ಯಾಪ್ಟನ್, ಸಿಟ್ಟಿನಿಂದಲ್ಲ, ಬೇಸರದಿಂದ, ಮುದುಕರೇ ಮನೆಗೆ ಹೋಗಿ ಎಂದು ಎದ್ದು ಹೋದರು. ಕದಿರಪ್ಪ ಹೋಗಿ ಇಟಲಿಯವರ ಸಾಲಿನ ಕೊನೆಯಲ್ಲಿ ನಿಂತುಕೊಂಡ. ಮುನಿಸ್ವಾಮಪ್ಪ ಇತ್ತ ತಿರುಗಿದ. ಅವನ ಮುಖ ನೆನೆದಿತ್ತು, ಎಲ್ಲವೂ ಕೇಳಿಸಿತ್ತು. ಅಕ್ಕಯ್ಯಮ್ಮ ಎಲ್ಲಿ ನಿಂತಿದ್ದಳೋ ಅಲ್ಲೇ ನಿಂತಿದ್ದಳು. ಇನ್ನೂ ಹೇಳುವುದಿದೆ, ಕೇಳುವವರು ಎಲ್ಲಿ ಹೋದರು ಎಂಬಂತೆ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು.

ರೈಲು ಬಂತು. ಹತ್ತಿಸಿದರು. ಕದಿರಪ್ಪನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವೆಂಕಟರತ್ನಮ್ಮ ಮಗುವನ್ನು ಎತ್ತಿ ತೋರಿಸಿದಳು. ಅವನು ಸರಳಿನಿಂದ ಕೈ ಹೊರಗೆ ಹಾಕಿ ಮಗುವಿನ ಕಾಲು ಹಿಡಿದುಕೊಂಡ.

“ದೊರೆ,” ಎಂದಳು ಅಕ್ಕಯ್ಯಮ್ಮ, ಮೊದಲ ಸಲ ಅಳುವ ದನಿಯಲ್ಲಿ. “ಇವ್ನಿಗೆ ಅವ್ರ ಬಾಸೆ ಬರಲ್ವಲ್ಲ. ಅಸಿವಾದ್ರೆ ಏನಂತಾನೆ? ಯಾರ್ನ ಕೇಳ್ತಾನೆ?”

ದೊರೆ ಕಿಟಕಿಗೆ ಹತ್ತಿರ ಹೋದರು. ಅವರಿಗೆ ಬರುತ್ತಿದ್ದುದು ಚರ್ಚಿನಲ್ಲೂ ಹೆಂಡದಂಗಡಿಯಲ್ಲೂ ಕೇಳಿ ಕಲಿತ ನಾಲ್ಕಾರು ಶಬ್ದ.

“ನೀರು ಬೇಕು ಅಂದ್ರೆ, ಆಕ್ವಾ,” ಎಂದರು.

“ಆಕ್ವಾ,” ಎಂದ ಕದಿರಪ್ಪ.

“ರೊಟ್ಟಿಗೆ, ಪಾನೆ.”

“ಪಾನೆ. ಮುದ್ದೆಗೆ?”

“ಮುದ್ದೆ ಇಲ್ಲೆ ಅಲ್ಲಿ. ಪಾನೆ ಅನ್ನು. ನೋವು ಆದರೆ ಮಾಲೆ ಅನ್ನು.”

ಕದಿರಪ್ಪ ನಕ್ಕ. “ಮಾಲೇನಾ ದೊರೆ?”

“ಮಾಲೆ.”

ಗಾರ್ಡು ಸೀಟಿ ಊದಿದ. ಮಗುವಿನ ಕಾಲು ಅವನ ಕೈಯಿಂದ ಜಾರಿತು. ಗಾಡಿ ಹೊರಟಿತು. ದೊರೆ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಿಟಕಿಯ ಸರಳು ಹಿಡಿದು, ಆ ಮುಕ್ಕಾಲು ಕಾಲನ್ನು ಎಳೆದುಕೊಂಡು ಜೊತೆಗೇ ನಡೆದರು. ಅವರು ಬೀಳಬಾರದೆಂದು ನಾನು ಹಿಂದೆ ಓಡಿದೆ.

“ಜ್ವರಕ್ಕೆ, ಫೆಬ್ರೆ. ಕಂಬಳಿಗೆ—” ಕಂಬಳಿಗೆ ಅವರಿಗೆ ಸಿಗಲಿಲ್ಲ. “ಚಳಿ ಅಂದ್ರೆ, ಫ್ರೆದ್ದೊ. ಫ್ರೆದ್ದೊ ಅನ್ನು.”

“ಪ್ರೆದ್ದೊ,” ಎಂದು ಕೂಗಿದ ಕದಿರಪ್ಪ. ಮತ್ತೆ ಸರಳಿಗೆ ಮುಖ ಒತ್ತಿ, “ನನ್ನ ಮನೆಗ್ ಕಳ್ಸಿ ಅನ್ನಾಕೆ ಏನಂತಾರೆ ದೊರೆ?”

ದೊರೆಯ ಕೈ ಸರಳಿನಿಂದ ಬಿಟ್ಟುಹೋಯಿತು. ಅವರು ನಿಂತು, ನನ್ನ ಕಡೆ ತಿರುಗಿ ನೋಡಿದರು. ನನಗೆ ಬರುವ ಭಾಷೆಗಳಲ್ಲಿ ಅದು ಇರಲಿಲ್ಲ. ಕೊನೆಯ ಡಬ್ಬಿಯೂ ಪ್ಲಾಟ್‌ಫಾರಂ ದಾಟಿ, ಸಿಗ್ನಲ್ ಕಂಬದ ಹತ್ತಿರ ತಿರುಗಿತು.

ನಾವು ಮರಳಿ ಬಂದಾಗ ಅಕ್ಕಯ್ಯಮ್ಮ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು.

“ಆ ಮೊದಲ್ನೇದು ಏನಂದ್ರಿ ದೊರೆ,” ಎಂದು ಕೇಳಿದಳು, “ನೀರಿಗೆ?”